ಕೆರೆಯ ದಂಡೆಯಲ್ಲಿ ಕೆರೆಯದೆ

ಬೆನ್ನ ಮೇಲೆ ಚೌಕಾಬಾರದ ಮನೆ ಬರೆದು ಕಳಿಸಿದ್ದಾಳೆ
ಚರ್ಮದ ಕ್ಲಿನಿಕ್ಕಿನ ನರ್ಸು.
ಅಂಟುಪಟ್ಟಿಯ ಸಾಲು, ಒಂದೊಂದರಡಿಗೂ ಒಂದೊಂದು ಹನಿ:
ನಿಕ್ಕಲ್ಲು, ರಬ್ಬರು, ಅತ್ತರು, ಕೂದಲ ಬಣ್ಣ.
ಪಕ್ಕಕ್ಕೆ ನೇರಳೆ ಶಾಯಿಯ ನಂಬರು.
ಎರಡು ದಿನ ನೀರು ಸೋಕಿಸಬೇಡಿ, ಬೆವರಬೇಡಿ,
ಕೆರೆಯಲೇಬೇಡಿ ಎಂದಳು.

ಜುಲೈನ ಬ್ಯಾಲರಾಟಿನಲ್ಲಿ ಬೆವರುವವರು ಯಾರು?
ವೆಂಡೂರಿ ಕೆರೆಯ ದಂಡೆಯ ಹುಲ್ಲು
ಬೆಳಗಿನ ಹಿಮಕ್ಕೆ ಕಾಲಡಿಯಲ್ಲಿ ಕರಕರ ಎನ್ನುತ್ತದೆ.
ಕಪ್ಪು ಹಂಸಗಳು ಕತ್ತು ಬಳಸಿ ಕೊಕ್ಕಿನಿಂದ
ಬೆನ್ನು ಕೆರೆದುಕೊಳ್ಳುತ್ತವೆ, ನನ್ನೆದುರೇ, ನಿಧಾನವಾಗಿ.
ಕನ್ನಡಕ್ಕೂ ಕರುಣೆಯಿಲ್ಲ:
ಕೆರೆ ಎಂದರೆ ನೀರು,
ಕೆರೆ ಎಂದರೆ ಅಪ್ಪಣೆ.

ಹನ್ನೊಂದು ವರ್ಷ ಸ್ಟರ್ಟ್ ಸ್ಟ್ರೀಟಿನ ಸಲೂನಿನಲ್ಲಿ
ದಿನಕ್ಕೆ ಹದಿನಾಲ್ಕು ತಲೆ ತೊಳೆದವಳು.
ನೊರೆ, ಬಿಸಿನೀರು, ಟವೆಲ್ಲು, ಮತ್ತೆ ನೊರೆ.
ಮೊದಲು ಬೆರಳ ಸಂದಿಯಲ್ಲಿ ಒಣಗೆರೆ,
ಆಮೇಲೆ ಕೆಂಪು, ಆಮೇಲೆ ಸಾಸಿವೆಯಷ್ಟು ನೀರುಗುಳ್ಳೆ.
ಒಂದು ಶನಿವಾರ ಗೆಣ್ಣು ಬಿರಿದು
ಗ್ಲೆನಿಸ್ ಪ್ಯಾಸ್ಕೋಳ ಬಿಳಿ ಟವೆಲ್ಲಿಗೆ ನನ್ನ ರಕ್ತ.
ಅಂಟುರೋಗವೇ ಎಂದು ಮುದುಕಿ ಕೇಳಲಿಲ್ಲ.
ಟವೆಲ್ಲನ್ನು ಮಾತ್ರ ಎರಡೇ ಬೆರಳಲ್ಲಿ ಎತ್ತಿಟ್ಟಳು.

ಅಂಟುವುದಲ್ಲ ಇದು, ಅಂಟಿದ್ದಕ್ಕೆ ಮುನಿಯುವುದು.

ಹಿರಿಯೂರಿನಿಂದ ಚಿಕ್ಕಮ್ಮನ ಫೋನು:
ಇಸುಬು ಕಣೇ, ಬದನೆಕಾಯಿ ಬಿಡು, ನಂಜು.
ಬಿಟ್ಟೆ. ಬದನೆಕಾಯಿ ಹೋಯಿತು, ಇಸುಬು ಉಳಿಯಿತು.
ಹಿಂದಿನಿಂದ ಅಪ್ಪನ ದನಿ:
ನಲವತ್ತು ವರ್ಷ ಕತ್ತರಿ ಹಿಡಿದೆ, ನನ್ನ ಕೈಗೇನಾಯ್ತು?
ಏನೂ ಆಗಲಿಲ್ಲ, ಅಪ್ಪಾ.
ನಿನ್ನದು ಒಂದು ಬಟ್ಟಲು ತಣ್ಣೀರು, ಒಂದು ಪಟಿಕದ ಕಲ್ಲು.
ನರೆತವರು ನರೆತೇ ಎದ್ದು ಹೋಗುತ್ತಿದ್ದರು ನಿನ್ನ ಕುರ್ಚಿಯಿಂದ.

ಈಗ ಯಾರನ್ನು ಕಂಡರೂ ಮೊದಲು ಚರ್ಮವೇ ಕಾಣುತ್ತದೆ.
ಅಂಚೆಯವನ ಹುಬ್ಬಿನಲ್ಲಿ, ಮೂಗಿನ ಮಗ್ಗುಲಲ್ಲಿ
ಜಿಡ್ಡು ಜಿಡ್ಡಾದ ಹಳದಿ ಹೊಟ್ಟು.
ಔಷಧದ ಶಾಂಪೂ ಹಚ್ಚಿದ ಕೂಡಲೇ ತೊಳೆಯುತ್ತಾನಂತೆ!
ಐದು ನಿಮಿಷ ಬಿಡಪ್ಪಾ, ಅದಕ್ಕೂ ಕೆಲಸ ಮಾಡಲು ಪುರುಸೊತ್ತು ಬೇಡವೇ?
ಗ್ಲೆನಿಸಳ ಕಣಕಾಲು ಹಳೆಯ ಚಹಾದ ಕಲೆಯಂತೆ ಕಂದು:
ಕೆಳಗಿಳಿದ ರಕ್ತ ಮೇಲೆ ಹತ್ತಲಾರದೆ ಅಲ್ಲೇ ಕೂತಿದೆ.
ಕೆನೆ ಹಚ್ಚಿದರಷ್ಟೇ ಸಾಲದು, ಡಾಕ್ಟರಿಗೆ ತೋರಿಸು,
ಬಿಗಿ ಕಾಲುಚೀಲ ಬೇಕಾದೀತು ಎಂದೆ.
ಮತ್ತೆ ನನ್ನ ಮಗಳು ಇಂಚರ,
ಮೊಣಕೈ ಮಡಿಕೆಯಲ್ಲಿ ತುರಿಕೆ ಹೊತ್ತೇ ಹುಟ್ಟಿದವಳು.
ಅವಳಿಗೆ ಉಗುರುಬೆಚ್ಚಗಿನ ನೀರು, ಉಜ್ಜದೆ ಒತ್ತಿದ ಟವೆಲ್ಲು,
ಮೈ ಹಸಿಯಿರುವಾಗಲೇ ಮುಲಾಮು.
ಇಷ್ಟು ವರ್ಷ ಅವಳಿಗೆ ಮಾಡಿದ್ದನ್ನು
ನನ್ನ ಕೈಗೆ ನಾನೇ ಮಾಡಿರಲಿಲ್ಲ.

ನಾಲ್ಕನೆಯ ದಿನ ಡಾಕ್ಟರ್ ಕ್ವಿನ್ ಬೆನ್ನಿನ ಮೇಲೆ
ಬೆರಳಾಡಿಸುತ್ತಾ ಬಂದು ಇಪ್ಪತ್ಮೂರರಲ್ಲಿ ನಿಂತರು.
ಕೂದಲ ಬಣ್ಣ. ಕೆಂಡದ ಕಾಸಿನಂತೆ ಉಬ್ಬಿದೆಯಂತೆ.
ಸೋಪು, ನೀರು ಗೋಡೆ ಕೆಡವಿದವು,
ಬಣ್ಣ ಒಳನುಗ್ಗಿತು. ಮೈ ಅದನ್ನು ಮರೆಯುವುದಿಲ್ಲ,
ಇನ್ನೆಂದೂ ಬರಿಗೈಲಿ ಮುಟ್ಟಬೇಡಿ.
ಸ್ಟೀರಾಯ್ಡ್ ಎಂದ ಕೂಡಲೇ ನಾನು ಬೆಚ್ಚಿದ್ದು ಕಂಡಿರಬೇಕು,
ಕೊಳವೆ ಹಿಂಡಿ ಬೆರಳ ತುದಿಯಷ್ಟು ತೋರಿಸಿದರು:
ಇಷ್ಟು, ಎರಡು ಅಂಗೈಗೆ. ಹೇಳಿದಷ್ಟೇ ದಿನ.

ಈ ಕೆಲಸದಿಂದ ಕೈ ತೊಳೆದುಕೋ ಎನ್ನುತ್ತಾರೆ ಎಲ್ಲರೂ.
ಕೈ ತೊಳೆದದ್ದೇ ಕಾಯಿಲೆ ಎಂದು ಅವರಿಗೆ ಹೇಗೆ ಹೇಳಲಿ?

ಆದರೆ ನಿಕ್ಕಲ್ಲಿನ ಮನೆ ಖಾಲಿಯಿತ್ತು.
ಎಂದರೆ, ಕತ್ತರಿ ಉಳಿಯಿತು, ಅಪ್ಪಾ.
ಗ್ಲೆನಿಸ್ ಈಗ ಬಣ್ಣಕ್ಕೆ ಪಕ್ಕದ ಕುರ್ಚಿಯ ಟೀಗನ್ ಬಳಿ,
ಕತ್ತರಿಗೆ ನನ್ನ ಬಳಿ. ಟಿಪ್ಸು ಅವಳಿಗೇ ಜಾಸ್ತಿ.

ರಾತ್ರಿ ಬೆನ್ನಿನ ನೇರಳೆ ನಂಬರನ್ನು ಅಳಿಸುತ್ತಾ ಇಂಚರ
ಕೇಳುತ್ತಾಳೆ, ಅಮ್ಮ, ನಿನ್ನ ಕಾಯಿ ಯಾವ ಮನೆಯಲ್ಲಿದೆ?
ಸ್ವಲ್ಪ ಕೆಳಗೆ, ಎಡಕ್ಕೆ, ಹಾಂ, ಅಲ್ಲೇ.
ಕೆರೆಯಲಾ?
ಬೇಡ. ಅಂಗೈಯಿಟ್ಟು ಒತ್ತು, ಸಾಕು.